‘ಕೊಡಲ್ಲ’ ಅಂದರೆ ಯಾವ ‘ಕೊಡಲ್ಲ’? ಕೊಟ್ಟಿಗೆಯ ಜೀಪು ಕೇಳಲು ಹೋಗುವ ಮುಂಚೆ

ಓದುಗರ ಪ್ರಶ್ನೆ: ಊರು ಹೊಸನಗರ ತಾಲೂಕು, ಕೆಲಸ ಬೆಂಗಳೂರಿನಲ್ಲಿ. ನಮ್ಮೂರ ಹತ್ತಿರವೇ, ‘ನಗರ’ ಅನ್ನುವ ಊರಿನ ಕಡೆ ಹೋಗುವ ದಾರಿಯಲ್ಲಿ, ಒಂದು ತೋಟದ ಮನೆಯ ಕೊಟ್ಟಿಗೆಯಲ್ಲಿ ಹಳೇ ಜೀಪು ನಿಂತಿದೆ. ನಿಲ್ಲಿಸಿ ಇಪ್ಪತ್ತು ವರ್ಷದ ಮೇಲಾಯಿತಂತೆ. ಹಿಂದಿನ ಸೀಟಿನಲ್ಲಿ ಕೋಳಿ ಕಾವಿಗೆ ಕೂರುತ್ತದೆ. ಪಕ್ಕದಲ್ಲೇ ಗೋಣಿಚೀಲ ಹೊದ್ದ ಒಂದು ಜಾವಾ ಬೈಕೂ ಇದೆ. ಎರಡರ ನಂಬರೂ ‘ಎಂವೈ’ ಅಂತ ಶುರುವಾಗುತ್ತದೆ. ಯಜಮಾನರಿಗೆ 74 ವರ್ಷ. ಗಾಡಿಗಳು ತೀರಿಹೋದ ಅವರ ತಂದೆಯ ಹೆಸರಿನಲ್ಲಿವೆ. ಮೂರು ಸಲ ಹೋದೆ. ಜೀಪಿಗೆ ಮೊದಲ ಸಲ 40 ಸಾವಿರ ಅಂದೆ, ಎರಡನೇ ಸಲ ಪರಿಚಯದ ದಲ್ಲಾಳಿಯೊಬ್ಬರನ್ನು ಕರೆದುಕೊಂಡು ಹೋಗಿ 75 ಸಾವಿರ ಅಂದೆ, ಮೂರನೇ ಸಲ 1 ಲಕ್ಷದ 20 ಸಾವಿರ. ಪ್ರತಿ ಸಲ ಕಾಫಿ ಕೊಟ್ಟು ‘ನೋಡೋಣ’ ಅಂದರು. ಕೊನೆಯ ಸಲ ಮಾತ್ರ ‘ಅದನ್ನ ಕೊಡಲ್ಲ ಮಾರಾಯ’ ಅಂತ ಎದ್ದು ತೋಟಕ್ಕೆ ಹೋಗಿಬಿಟ್ಟರು. ಗಾಡಿ ಕಣ್ಣೆದುರೇ ಹಾಳಾಗುತ್ತಿದೆ. ಸ್ನೇಹಿತರು ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. 15 ವರ್ಷ ದಾಟಿದ ಗಾಡಿ ಹೇಗೂ ಗುಜರಿಗೇ, ಕಾಗದದ ಚಿಂತೆ ಬೇಡ ಅಂತ ಒಬ್ಬ. ಸೇಲ್ ಲೆಟರ್ ಸಾಕು ಅಂತ ಇನ್ನೊಬ್ಬ. ವಿಂಟೇಜ್ ನಂಬರ್ ಸಿಗುತ್ತೆ ಅಂತ ಮತ್ತೊಬ್ಬ. ಏನೂ ಆಗದಿದ್ದರೆ ಬೇರೆ ಜೀಪಿನ ಆರ್‌ಸಿ ತಂದು ಹಾಕಿಬಿಡು ಅಂತಲೂ ಹೇಳಿದರು. ಏನು ಮಾಡಲಿ?

ಉತ್ತರ:

ನಿಮ್ಮ ಪತ್ರ ಓದಿ ನಗು ಬಂತು, ತಪ್ಪು ತಿಳಿಯಬೇಡಿ. ಊರಿನ ಹೆಸರು ಬದಲಿಸಿದರೆ ಇದೇ ಕಥೆ ಹೇಳಿಕೊಂಡು ನನ್ನ ಶಿವಮೊಗ್ಗದ ಗ್ಯಾರೇಜಿಗೆ ತಿಂಗಳಿಗೊಬ್ಬರಾದರೂ ಬರುತ್ತಾರೆ. ಜೀಪು ಇರುತ್ತದೆ, ಕೋಳಿ ಇರುತ್ತದೆ, ಕಾಫಿ ಇರುತ್ತದೆ, ಕೊನೆಗೆ ‘ಕೊಡಲ್ಲ’ ಇರುತ್ತದೆ. ಹಳೇ ಗಾಡಿ ಕೆಲಸದಲ್ಲಿ ಇಪ್ಪತ್ತೈದು ವರ್ಷ ಕಳೆದ ಮೇಲೆ ನನಗೆ ಗೊತ್ತಾಗಿದ್ದು ಇಷ್ಟು. ಆ ‘ಕೊಡಲ್ಲ’ ಒಂದೇ ಮಾತಲ್ಲ. ಅದರಲ್ಲಿ ಐದಾರು ಜಾತಿ ಇವೆ. ನಿಮ್ಮ ಯಜಮಾನರದ್ದು ಯಾವುದು ಅಂತ ತಿಳಿಯದೆ ನಾಲ್ಕನೇ ಸಲ ಹೋದರೆ ಕಾಫಿಯೂ ಸಿಗುವುದಿಲ್ಲ.

ಮೊದಲು ನೀವು ಮಾಡಿದ ಎಡವಟ್ಟು ಹೇಳಿಬಿಡುತ್ತೇನೆ. ದರ ಏರಿಸಿದ್ದು. 40ರಿಂದ 75, ಅಲ್ಲಿಂದ 1 ಲಕ್ಷದ 20 ಸಾವಿರ. ನೀವು ಧಾರಾಳವಾಗಿ ಕೊಡಲು ಹೊರಟಿದ್ದೀರಿ ಅಂತ ನಿಮಗನ್ನಿಸಿರಬಹುದು. ಅವರ ತಲೆಯಲ್ಲಿ ಓಡಿದ ಲೆಕ್ಕ ಬೇರೆ: ‘ಈ ಹುಡುಗ ಮೊದಲ ದಿನ ನನಗೆ 80 ಸಾವಿರದ ಟೋಪಿ ಹಾಕಕ್ಕೆ ಬಂದಿದ್ದ.’ ಅವರು ಅಡಿಕೆ ಬೆಳೆಗಾರರು ಅನ್ನೋದನ್ನ ಮರೀಬೇಡಿ. ವ್ಯಾಪಾರಿ ತಾನಾಗಿಯೇ ಮನೆ ಬಾಗಿಲಿಗೆ ಬಂದು ದರ ಏರಿಸುತ್ತಿದ್ದಾನೆ ಅಂದರೆ ಮಾಲು ಬಿಡಬಾರದು, ಹಿಡಿದಿಡಬೇಕು. ಮಂಡಿ ವ್ಯವಹಾರ ನೋಡಿ ಬೆಳೆದವರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಅದರ ಮೇಲೆ ದಲ್ಲಾಳಿಯನ್ನು ಬೇರೆ ಕರೆದುಕೊಂಡು ಹೋಗಿದ್ದೀರಿ. ಪ್ರೀತಿಯಿಂದ ಕೇಳಲು ಬಂದವರಿಗೆ ದಲ್ಲಾಳಿ ಯಾಕೆ ಬೇಕು ಅಂತ ಅವರು ಯೋಚಿಸಿರುತ್ತಾರೆ, ಸರಿಯಾಗಿಯೇ ಯೋಚಿಸಿದ್ದಾರೆ.

ಈಗ ಆ ‘ಕೊಡಲ್ಲ’ದ ವಿಷಯ.

ತೀರ್ಥಹಳ್ಳಿ ಕಡೆಯ ಒಂದು ಮನೆಗೆ ನಾನು ಎರಡು ವರ್ಷ ಓಡಾಡಿದ್ದೇನೆ. ಹೈ ಬಾನೆಟ್ ಜೀಪು, ಅಂದರೆ ಇಂಜಿನ್ ಮುಚ್ಚಳ ಎತ್ತರ ಇರೋದು, ಚೆನ್ನಾಗಿತ್ತು. ಗೌಡರು ಒಳ್ಳೆಯವರು, ಮಾತಾಡುತ್ತಿದ್ದರು, ಊಟ ಹಾಕುತ್ತಿದ್ದರು, ಜೀಪಿನ ಮಾತು ಬಂದರೆ ‘ಈಗ ಬೇಡ’ ಅನ್ನುತ್ತಿದ್ದರು. ದುಡ್ಡು ಸಾಲದೇನೋ ಅಂತ ನಾನಂದುಕೊಂಡಿದ್ದೆ. ಒಂದು ದಿನ ಅವರಿಲ್ಲದಾಗ ಹೋಗಿ ಕೊಟ್ಟಿಗೆಯ ಒಳಗೆ ಸರಿಯಾಗಿ ಬೆಳಕು ಬಿಟ್ಟು ನೋಡಿದೆ. ಯಾವುದೋ ಮಳೆಗಾಲದಲ್ಲಿ ನಡುಗಂಬದ ಬುಡ ಗೆದ್ದಲು ತಿಂದು ಕುಸಿದಿದೆ. ಜೀಪಿನ ಹಿಂಭಾಗದ ಮೇಲೆ ಎರಡು ಹಲಗೆ ಅಡ್ಡ ಇಟ್ಟು, ಅದರ ಮೇಲೊಂದು ತುಂಡು ಕಂಬ ನಿಲ್ಲಿಸಿ, ತೊಲೆಗೆ ಆಸರೆ ಕೊಟ್ಟಿದ್ದಾರೆ. ಜೀಪು ಎಳೆದರೆ ಸೂರು ಕೆಳಗೆ! ಸಾಲದ್ದಕ್ಕೆ ಆಳು ಸಿಗಲ್ಲ, ಕಂಬ ಹಾಕಿಸೋದು ಮುಂದಕ್ಕೆ ಹೋಗುತ್ತಲೇ ಇತ್ತು, ಅದನ್ನು ಹೊರಗಿನವನ ಹತ್ತಿರ ಹೇಳಿಕೊಳ್ಳೋದು ಮರ್ಯಾದೆ ಪ್ರಶ್ನೆ. ಮುಂದಿನ ವಾರ ಇಬ್ಬರು ಹುಡುಗರನ್ನು ಕರೆದುಕೊಂಡು ಹೋಗಿ ಸಿಮೆಂಟ್ ಕಂಬ ನಿಲ್ಲಿಸಿ, ನಾಲ್ಕು ಶೀಟು ಬದಲಿಸಿಕೊಟ್ಟೆ. ಜೀಪಿನ ಮಾತೇ ಎತ್ತಲಿಲ್ಲ. ಹೊರಡುವಾಗ ಅವರೇ ‘ಯಾವಾಗ ತಗೊಂಡ್ ಹೋಗ್ತೀರಿ’ ಅಂತ ಕೇಳಿದರು.

ಎಲ್ಲ ಕಡೆ ಕಂಬವೇ ಕಾರಣ ಅಂತಲ್ಲ. ಕೆಲವು ಕಡೆ ಊರಿನ ಬಾಯಿ. ‘ಅಪ್ಪ ತಂದ ಜೀಪನ್ನ ಮಗ ಮಾರ್ಕೊಂಡ, ಮನೆ ಸೋತಿರಬೇಕು’ ಅಂತ ನಾಲ್ಕು ಜನ ಆಡಿಕೊಳ್ಳುತ್ತಾರೆ ಅನ್ನೋ ಹೆದರಿಕೆ. ಇದನ್ನು ಸಣ್ಣದು ಅಂದುಕೊಳ್ಳಬೇಡಿ. ಐವತ್ತು ಅರವತ್ತು ವರ್ಷದ ಹಿಂದೆ ನಮ್ಮ ಕಡೆಯ ಊರುಗಳಲ್ಲಿ ಒಂದು ಜೀಪು ಅಂದರೆ ಅದು ಒಂದು ಮನೆಯದ್ದಾಗಿರಲಿಲ್ಲ. ಮಳೆಗಾಲದ ರಾತ್ರಿ ಹೆರಿಗೆ ನೋವು ಅಂದರೆ ಅದೇ ಜೀಪು, ಹಾವು ಕಡಿದರೆ ಅದೇ ಜೀಪು, ದಿಬ್ಬಣಕ್ಕೂ ಅದೇ. ನಿಮಗೆ ಅದು ಹಳೇ ಗಾಡಿ. ಅವರಿಗೆ ಅವರ ಅಪ್ಪ ಊರಿಗೆ ಉಪಕಾರ ಮಾಡಿದ್ದಕ್ಕೆ ಉಳಿದಿರೋ ಗುರುತು.

ಇನ್ನು ಕೆಲವು ಕಡೆ ಪಾಲಿನ ವಿಷಯ ಬಗೆಹರಿದಿರುವುದಿಲ್ಲ. ಅಣ್ಣ ತಮ್ಮಂದಿರ ಮಧ್ಯೆ ಜಮೀನು ಹಿಸ್ಸೆ ಆಗಿರುತ್ತದೆ, ಜೀಪಿನ ಮಾತು ಯಾರೂ ಆಡಿರುವುದಿಲ್ಲ. ಈಗ ಒಬ್ಬರು ಮಾರಿದರೆ ಹಳೆಯ ಗಾಯ ಮತ್ತೆ ಕೆದಕಿದ ಹಾಗೆ. ಇದನ್ನು ನಿಮ್ಮ ಎದುರು ಹೇಳಲಾಗದೆ ‘ನೋಡೋಣ’ ಅನ್ನುತ್ತಾರೆ. ಎರಡು ಸಲ ‘ನೋಡೋಣ’ ಅಂದಿದ್ದಾರೆ ಅಂದರೆ ನನಗಂತೂ ನಿಮ್ಮ ಕೇಸಿನಲ್ಲಿ ಇದೇ ಇರಬೇಕು ಅನ್ನಿಸುತ್ತದೆ.

ಕೊನೆಯದೊಂದು ಇದೆ. ಅದು ನಿಜವಾದ ‘ಕೊಡಲ್ಲ’. ಅದನ್ನು ಕಂಡುಹಿಡಿಯೋದು ಸುಲಭ. ಬಾನೆಟ್ ಮೇಲೆ, ಗ್ರಿಲ್ ಮೇಲೆ ಬೆರಳಾಡಿಸಿ ನೋಡಿ. ಧೂಳಿನ ಕೆಳಗೆ ಅರಿಶಿನ ಕುಂಕುಮದ ಕಲೆ ಹಳೆಯದೋ ಹೊಸದೋ? ಸ್ಟಿಯರಿಂಗಿಗೆ ಒಣಗಿದ ಸೇವಂತಿಗೆ ಸಿಕ್ಕಿಕೊಂಡಿದೆಯಾ? ಓಡದೆ ಇಪ್ಪತ್ತು ವರ್ಷವಾದ ಗಾಡಿಗೆ ಹೋದ ಆಯುಧಪೂಜೆಗೂ ಹೂ ಇಟ್ಟಿದ್ದಾರೆ ಅಂದರೆ ಅದು ಬೇಡದ ಗಾಡಿ ಅಲ್ಲ. ಅಲ್ಲಿ ನಾನು ದುಡ್ಡಿನ ಮಾತು ಆಡುವುದಿಲ್ಲ. ‘ಕಣ್ಣೆದುರೇ ಹಾಳಾಗ್ತಿದೆ’ ಅಂತ ನಿಮಗೆ ಸಂಕಟವಾಗೋದು ನನಗೆ ಅರ್ಥವಾಗುತ್ತದೆ, ನನಗೂ ಆಗುತ್ತದೆ. ಆದರೆ ಅವರ ಗಾಡಿ, ಅವರ ಕೊಟ್ಟಿಗೆ.

ನಾನೇನು ಹುಟ್ಟುತ್ತಲೇ ಇದನ್ನೆಲ್ಲ ಕಲಿತು ಬಂದವನಲ್ಲ. ಸುಮಾರು ಇಪ್ಪತ್ತು ವರ್ಷದ ಹಿಂದೆ ಕೊಪ್ಪದ ಕಡೆ ಒಂದು ಅಂಬಾಸಿಡರ್ ತೆಗೆದುಕೊಂಡೆ. ಮಗನೇ ಕರೆದು ಕೊಟ್ಟ, ಅವನಿಗೆ ದುಡ್ಡು ಬೇಕಿತ್ತು. ಎಣಿಸಿ ಕೊಟ್ಟು ಹಗ್ಗ ಕಟ್ಟಿ ಎಳೆದುಕೊಂಡು ಹೊರಟೆವು. ಅವನ ತಾಯಿ ಜಗಲಿಯಲ್ಲಿ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದರು, ತಲೆ ಎತ್ತಲಿಲ್ಲ. ಆಗಲೇ ನನಗೆ ತಿಳೀಬೇಕಿತ್ತು. ಹದಿನೈದು ದಿನ ಬಿಟ್ಟು ಮಗಳ ಫೋನು: ‘ಅಪ್ಪಯ್ಯನ ಕಾರು ಮಾರಕ್ಕೆ ಅಣ್ಣನೊಬ್ಬನಿಗೇ ಹಕ್ಕು ಕೊಟ್ಟೋರು ಯಾರು?’ ಅಷ್ಟು ಹೊತ್ತಿಗೆ ನಾನು ಇಂಜಿನ್ ಬಿಚ್ಚಿ ಹರಡಿಕೊಂಡಿದ್ದೆ. ಒಂದು ಸಹಿಗಾಗಿ ನಾಲ್ಕು ವರ್ಷ ಆ ಕಾರು ನನ್ನ ಶೆಡ್ಡಿನ ಮೂಲೆ ಹಿಡಿದಿತ್ತು. ಆಮೇಲೆ ಜೋಡಿಸಿ ಅವರ ಮನೆಗೇ ಬಿಟ್ಟು ಬಂದೆ. ಕೊಟ್ಟ ದುಡ್ಡಿನಲ್ಲಿ ಅರ್ಧವೂ ವಾಪಸ್ ಬರಲಿಲ್ಲ, ಕೇಳಲು ನನಗೆ ಮುಖವೂ ಇರಲಿಲ್ಲ.

ಮಗಳ ಸಿಟ್ಟು ಬರೀ ಸಿಟ್ಟಲ್ಲ, ಕಾನೂನೂ ಅವಳ ಕಡೆಗೇ ಇದೆ. ಉಯಿಲು ಬರೆಯದೆ ತೀರಿಕೊಂಡ ಹಿಂದೂ ತಂದೆಯ ಸ್ವಂತ ಸಂಪಾದನೆಯ ಆಸ್ತಿಯಲ್ಲಿ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು ಎಲ್ಲರಿಗೂ ಸಮಪಾಲು. 1956ರ ಉತ್ತರಾಧಿಕಾರ ಕಾಯ್ದೆಯಿಂದಲೇ ಹಾಗಿದೆ. ಜೀಪೂ ಆಸ್ತಿಯೇ. ನಿಮ್ಮ ಪತ್ರದಲ್ಲಿ ಯಜಮಾನರ ಅಕ್ಕತಂಗಿಯರ ಸುದ್ದಿಯೇ ಇಲ್ಲ. ಇದ್ದಾರಾ ಅಂತ ಮೊದಲು ತಿಳಿದುಕೊಳ್ಳಿ.

ಸ್ನೇಹಿತರ ಮಾತುಗಳಿಗೆ ಬರೋಣ.

‘15 ವರ್ಷ ಆದಮೇಲೆ ಗುಜರಿ’ ಅನ್ನೋದು ದೆಹಲಿಯ ಸುದ್ದಿ ನೋಡಿ ಹುಟ್ಟಿದ ಮಾತು. ಅಲ್ಲಿ ಡೀಸೆಲ್ಲಿಗೆ 10, ಪೆಟ್ರೋಲಿಗೆ 15 ವರ್ಷದ ಮಿತಿ ಬಂದದ್ದು ರಾಜಧಾನಿ ಪ್ರದೇಶದ ಹೊಗೆಯ ಕಾರಣಕ್ಕೆ. ನಮ್ಮಲ್ಲಿ ಸ್ವಂತ ಬಳಕೆಯ ಗಾಡಿಯ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ, ನಿಜ. ಆದರೆ ಫಾರಂ 25 ಹಾಕಿ, ಗಾಡಿ ತೋರಿಸಿ, ಹಸಿರು ತೆರಿಗೆ ಕಟ್ಟಿ, ಐದೈದು ವರ್ಷಕ್ಕೆ ನವೀಕರಿಸಿಕೊಳ್ಳಬಹುದು. ಖರ್ಚು ಮಾತ್ರ ಜಾಸ್ತಿ ಆಗಿದೆ. 2025ರ ಆಗಸ್ಟಿನ ಬದಲಾವಣೆಯ ನಂತರ 20 ವರ್ಷ ದಾಟಿದ ಕಾರು ಜೀಪುಗಳ ನವೀಕರಣಕ್ಕೆ 10,000 ರೂಪಾಯಿ, ಬೈಕಿಗೆ 2,000. ಇದರ ಮೇಲೆ ತಡ ಮಾಡಿದ್ದಕ್ಕೆ ತಿಂಗಳ ಲೆಕ್ಕದ ದಂಡವೂ ಇರುತ್ತದೆ. ಇಪ್ಪತ್ತು ವರ್ಷ ಸುಮ್ನೆ ನಿಂತ ಗಾಡಿಗೆ ಅದು ಎಷ್ಟಾಗುತ್ತದೆ, ತೆರಿಗೆ ಬಾಕಿ ಎಷ್ಟಿದೆ ಅಂತ ಆರ್‌ಟಿಒ ಕಚೇರಿಯಲ್ಲಿ ಬರೆಸಿಕೊಂಡು ಬಂದ ಮೇಲೆಯೇ ಯಜಮಾನರ ಹತ್ತಿರ ದರ ಮಾತಾಡಬೇಕು. ನೀವು ಉಲ್ಟಾ ಮಾಡಿದ್ದೀರಿ.

‘ಸೇಲ್ ಲೆಟರ್ ಸಾಕು.’ ಸಾಕಾಗಲ್ಲ. ಗಾಡಿ ಯಾರ ಹೆಸರಿನಲ್ಲಿ ನೋಂದಣಿಯಾಗಿದೆಯೋ ಅವರೇ ಮಾಲೀಕರು. ಮಾರಿದ ಮೇಲೆ ಹೆಸರು ಬದಲಾಗದೆ ಅಪಘಾತವಾದರೆ ಪರಿಹಾರದ ಹೊಣೆ ದಾಖಲೆಯಲ್ಲಿರುವ ಮಾಲೀಕರದ್ದೇ ಅಂತ 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಹಳ್ಳಿಯ ಹಿರಿಯರು ‘ನಾಳೆ ಏನಾದ್ರೂ ಆದ್ರೆ ಪೊಲೀಸ್ರು ನಮ್ಮನೆ ಬಾಗಿಲಿಗೆ ಬರ್ತಾರೆ’ ಅಂತ ಹಿಂಜರಿಯುತ್ತಾರಲ್ಲ, ಅವರಿಗೆ ತೀರ್ಪು ಗೊತ್ತಿಲ್ಲದಿರಬಹುದು, ಹೆದರಿಕೆ ಮಾತ್ರ ಸರಿಯಾಗಿಯೇ ಇದೆ. ನಿಮ್ಮ ಯಜಮಾನರ ಹೆದರಿಕೆಯೂ ಅದೇ ಆಗಿದ್ದರೆ ಅದಕ್ಕೆ ದುಡ್ಡು ಉತ್ತರವಲ್ಲ, ಕಾಗದವೇ ಉತ್ತರ.

ವಿಂಟೇಜ್ ನಂಬರಿನ ವಿಷಯದಲ್ಲಿ ಸ್ವಲ್ಪ ನಿಧಾನವಾಗಿ ಹೇಳಬೇಕು. 2021ರಲ್ಲಿ ಕೇಂದ್ರ ಸರ್ಕಾರ ಇದಕ್ಕೆ ಪ್ರತ್ಯೇಕ ನಿಯಮ ಮಾಡಿತು. ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಸ್ವಂತ ಬಳಕೆಯ ಎರಡು ಮತ್ತು ನಾಲ್ಕು ಚಕ್ರದ ಗಾಡಿಗಳಿಗೆ ‘ವಿಎ’ ಅಕ್ಷರವಿರುವ ನಂಬರು. ಹೊಸದಾಗಿ ನೋಂದಣಿಗೆ 20,000 ರೂಪಾಯಿ, ಹತ್ತು ವರ್ಷಕ್ಕೆ ಸಿಂಧು, ಮರುನೋಂದಣಿಗೆ 5,000. ನಿಮ್ಮ ಗಾಡಿಯ ನಂಬರು ‘ಎಂವೈ’ ಅಂದರೆ ಅದು ಮೈಸೂರು ರಾಜ್ಯದ ಕಾಲದ್ದು, 1973ರಲ್ಲಿ ಕರ್ನಾಟಕ ಅಂತ ಹೆಸರಾಗುವ ಮುಂಚಿನದು. ಹಾಗಾಗಿ ವಯಸ್ಸಿನ ಪರೀಕ್ಷೆಯಲ್ಲಿ ಎರಡೂ ಪಾಸು. ಆದರೆ ಗಾಡಿ ಮೂಲ ರೂಪದಲ್ಲೇ ಇರಬೇಕು, ಚಾಸಿ (ಗಾಡಿಯ ತಳದ ಕಬ್ಬಿಣದ ಚೌಕಟ್ಟು), ಬಾಡಿ, ಇಂಜಿನ್ನಿನಲ್ಲಿ ದೊಡ್ಡ ಬದಲಾವಣೆ ಆಗಿರಬಾರದು ಅಂತ ನಿಯಮ ಹೇಳುತ್ತದೆ. ನಮ್ಮ ಕಡೆಯ ಜೀಪುಗಳು ಎಡವಿ ಬೀಳೋದು ಇಲ್ಲೇ. ಆ ಕಾಲದ ಹೈ ಬಾನೆಟ್ ಜೀಪಿನ ಒಳಗಿದ್ದದ್ದು 2.2 ಲೀಟರಿನ ಹರಿಕೇನ್ ಪೆಟ್ರೋಲ್ ಇಂಜಿನ್. ಆ ಇಂಜಿನ್ ಎತ್ತರ ಇದ್ದದ್ದಕ್ಕೇ ಬಾನೆಟ್ ಎತ್ತರವಾಗಿದ್ದು. ಕುಡಿಯುತ್ತಿತ್ತು ಚೆನ್ನಾಗಿ. ಪೆಟ್ರೋಲ್ ದರ ಏರಿದ ಮೇಲೆ ಮಲೆನಾಡಿನ ಎಷ್ಟೋ ಮನೆಗಳವರು ಅದನ್ನು ಇಳಿಸಿ ಯಾವುದಾದರೂ ಡೀಸೆಲ್ ಇಂಜಿನ್ ಕೂರಿಸಿಕೊಂಡರು. ನೀವು ಬಾನೆಟ್ ಎತ್ತಿ ನೋಡಿದ್ದೀರಾ? ಪತ್ರದಲ್ಲಿ ಬರೆದಿಲ್ಲ. ಡೀಸೆಲ್ ಇದ್ದರೆ ವಿಂಟೇಜ್ ದಾರಿ ಹೆಚ್ಚು ಕಡಿಮೆ ಮುಚ್ಚಿದ ಹಾಗೆ. ಅಷ್ಟೇ ಅಲ್ಲ, ಆ ಬದಲಾವಣೆಯನ್ನು ಆರ್‌ಸಿ ಬುಕ್ಕಿನಲ್ಲಿ ಬರೆಸಿರದಿದ್ದರೆ ಸಾಮಾನ್ಯ ನವೀಕರಣವೂ ಕಷ್ಟ. ಬುಕ್ಕಿನಲ್ಲಿ ಪೆಟ್ರೋಲ್, ಗಾಡಿಯಲ್ಲಿ ಡೀಸೆಲ್, ಇಂಜಿನ್ ನಂಬರು ಬೇರೆ. ಗಾಡಿ ತಪಾಸಣೆ ಮಾಡುವ ಬ್ರೇಕ್ ಇನ್‌ಸ್ಪೆಕ್ಟರ್ ಒಪ್ಪುವುದಿಲ್ಲ, ಒಪ್ಪಬಾರದು ಕೂಡ. ಇನ್ನೊಂದು ಮಾತು, ವಿಂಟೇಜ್ ನೋಂದಣಿ ಸಿಕ್ಕಿದರೂ ದಿನಾ ಓಡಿಸುವ ಹಾಗಿಲ್ಲ. ರ‍್ಯಾಲಿ, ಪ್ರದರ್ಶನ, ಇಂಧನ, ರಿಪೇರಿ, ಇಷ್ಟಕ್ಕೆ ಮಾತ್ರ ರಸ್ತೆಗಿಳಿಸಬಹುದು. ಆಗುಂಬೆ ಘಾಟಿಯಲ್ಲಿ ವಾರವಾರ ಸುತ್ತಾಡುವ ಆಸೆ ಇದ್ದರೆ ನಿಮಗೆ ಬೇಕಾದದ್ದು ಅದಲ್ಲ.

ಬೇರೆ ಜೀಪಿನ ಆರ್‌ಸಿ ತಂದು ಹಾಕುವ ಸಲಹೆ ಕೊಟ್ಟ ಸ್ನೇಹಿತನ ಹತ್ತಿರ ಗಾಡಿ ವಿಷಯ ಮಾತಾಡೋದನ್ನು ಬಿಡಿ. ಚಾಸಿ ನಂಬರ್ ಉಜ್ಜಿ ಬೇರೆ ಕೊರೆಯೋದು ಅಪರಾಧ. ಅದರ ಬಗ್ಗೆ ಇಷ್ಟೇ.

ನೀವು ಬರೆದಿಲ್ಲ, ಆದರೂ ದಲ್ಲಾಳಿ ಖಂಡಿತ ಹೇಳಿರುತ್ತಾರೆ: ‘ಇದು ಯುದ್ಧದ ಜೀಪು, ಮಿಲಿಟರಿದು.’ ಲೋ ಬಾನೆಟ್ ಕಂಡರೆ ಸಾಕು, ಎರಡನೇ ಮಹಾಯುದ್ಧದ ಕಥೆ ಶುರು. ಯುದ್ಧಕಾಲದ ಜೀಪಿನ ಗ್ರಿಲ್ಲಿನಲ್ಲಿ ಒಂಬತ್ತು ಸೀಳು, ಲೈಟುಗಳು ಸಣ್ಣವು, ಗ್ರಿಲ್ಲಿನ ಹಿಂದೆ ಒಳಗೆ ಕೂತಿರುತ್ತವೆ. ಆಮೇಲಿನ ನಾಗರಿಕ ಜೀಪಿನದ್ದು ಏಳು ಸೀಳು, ದೊಡ್ಡ ಲೈಟು. ಗ್ರಿಲ್ ಬದಲಾಗಿರಲೂಬಹುದು, ಆದರೂ ಎಣಿಸಿ ನೋಡೋಕೆ ಖರ್ಚಿಲ್ಲವಲ್ಲ. ನಮ್ಮ ದೇಶದಲ್ಲಿ ಮಹೀಂದ್ರಾ ಜೀಪು ಜೋಡಿಸಲು ಶುರು ಮಾಡಿದ್ದು 1947ರಲ್ಲಿ. ಇಲ್ಲಿ ಸಿಗೋದು ಹೆಚ್ಚಿನವು ಅಲ್ಲಿಂದ ಈಚಿನವೇ.

ಗಾಡಿಯ ಸ್ಥಿತಿ ಹೇಗಿರಬಹುದು ಅಂತ ನೋಡದೆಯೇ ಸ್ವಲ್ಪ ಹೇಳಬಲ್ಲೆ, ಯಾಕೆಂದರೆ ಮಲೆನಾಡಿನ ಜೀಪು ಸಾಯುವ ರೀತಿಯೇ ಬೇರೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ. ಮೇಲೆ ಮಳೆ, ನಿಮ್ಮ ನಗರದ ಕಡೆಯೂ ಕಡಿಮೆಯೇನಿಲ್ಲ. ಜನ ಮಳೆಗೆ ತುಕ್ಕು ಹಿಡಿಯಿತು ಅನ್ನುತ್ತಾರೆ. ನಾನು ನೋಡಿರೋ ಹಾಗೆ ಮಳೆಗಿಂತ ಕೊಟ್ಟಿಗೆಯೇ ಹೆಚ್ಚು ಹಾಳುಮಾಡುತ್ತದೆ. ಗಂಜಲದಿಂದ ಏಳುವ ಅಮೋನಿಯಾ ಹಿತ್ತಾಳೆಯನ್ನು ತಿನ್ನುತ್ತದೆ. ರೇಡಿಯೇಟರಿನ ಹಿತ್ತಾಳೆ ಟ್ಯಾಂಕು, ಕಾರ್ಬುರೇಟರಿನ ಜೆಟ್ಟು, ಫ್ಲೋಟು, ಪೈಪಿನ ನಟ್ಟು, ಎಲ್ಲವೂ ಹೊರಗಿನಿಂದ ಹಸಿರು ಬಣ್ಣ ತಿರುಗಿದ್ದರೆ ಒಳಗೆ ಕೂದಲೆಳೆಯಂಥ ಬಿರುಕು ಬಿಟ್ಟಿರುತ್ತದೆ. ಮುಟ್ಟಿ ತಿರುಗಿಸಿದರೆ ಬಿಸ್ಕತ್ತಿನ ಹಾಗೆ ಮುರಿಯುತ್ತದೆ. ಇನ್ನೊಂದು ಮೈಲುತುತ್ತ. ಅಡಿಕೆಯ ಕೊಳೆರೋಗಕ್ಕೆ ಔಷಧಿ ಹೊಡೆಯುವಾಗ ಡ್ರಮ್ಮು, ತುತ್ತದ ಚೀಲ ಎಲ್ಲ ಹೊತ್ತದ್ದು ಇದೇ ಜೀಪು. ಚೆಲ್ಲಿದ ತುತ್ತದ ನೀರು ಕಬ್ಬಿಣವನ್ನು ಕರಗಿಸಿಕೊಂಡು ಹೋಗುತ್ತದೆ. ಹಾಗಾಗಿ ಅಡಿಕೆ ತೋಟದ ಜೀಪು ನೋಡುವಾಗ ನಾನು ಇಂಜಿನ್ ಕಡೆಗೆ ಹೋಗುವುದೇ ಇಲ್ಲ. ಮೊದಲು ಹಿಂದಿನ ನೆಲದ ತಗಡಿನ ಕೆಳಗೆ ಮಲಗುತ್ತೇನೆ, ಒಂದು ಸ್ಕ್ರೂಡ್ರೈವರಿನ ಹಿಡಿಕೆಯಿಂದ ಚಾಸಿಯನ್ನು ಹಿಂದಿನಿಂದ ಮುಂದಕ್ಕೆ ತಟ್ಟುತ್ತಾ ಬರುತ್ತೇನೆ. ಟಣ್ ಅಂದರೆ ಸರಿ. ಡಬ್ ಅಂತ ಸತ್ತ ಸದ್ದು ಬಂದ ಕಡೆ ಚಾಕ್‌ಪೀಸಿನ ಗುರುತು. ಸ್ಪ್ರಿಂಗ್ ಪ್ಲೇಟು ಕೂರುವ ಬ್ರಾಕೆಟ್ಟಿನ ಹತ್ತಿರ ಆ ಸದ್ದು ಬಂದರೆ ನಾನು ಎದ್ದು ಕೈ ಒರೆಸಿಕೊಂಡು ಕಾಫಿ ಕುಡಿದು ಬರುತ್ತೇನೆ. ಬಾಡಿ ಹೊಸದು ಮಾಡಿಸಬಹುದು, ಇಂಜಿನ್ ಬೋರ್ ಮಾಡಿಸಬಹುದು. ನಂಬರ್ ಕೊರೆದಿರುವ ಚಾಸಿಯೇ ಹೋದರೆ ನೀವು ಕೊಂಡದ್ದು ಏನು?

ಇಂಜಿನ್ ತಿರುಗದೆ ಹಿಡಿದುಕೊಂಡಿದ್ದರೆ ಹೆದರಬೇಕಿಲ್ಲ. ಪ್ಲಗ್ ಬಿಚ್ಚಿ, ಒಳಗೆ ಸ್ವಲ್ಪ ಡೀಸೆಲ್ಲೋ ಸೀಮೆಎಣ್ಣೆಯೋ ಬಿಟ್ಟು ವಾರಗಟ್ಟಲೆ ಬಿಡಬೇಕು. ಗೇರ್ ಹಾಕಿ ತಳ್ಳುವ ಸಾಹಸ ಮಾಡಬೇಡಿ, ರಾಡು ಬಗ್ಗುತ್ತದೆ.

ಜಾವಾ ಬಗ್ಗೆ ನೀವು ಒಂದೇ ಸಾಲು ಬರೆದಿದ್ದೀರಿ, ನನಗೆ ಅದೇ ಹೆಚ್ಚು ಆಸೆ ಹುಟ್ಟಿಸಿತು. ನಮ್ಮ ಮೈಸೂರಿನಲ್ಲೇ ಹುಟ್ಟಿದ ಗಾಡಿ. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 60ರ ದಶಕದ ಆರಂಭದಿಂದ ಜಾವಾ ಹೆಸರಿನಲ್ಲಿ, ಆಮೇಲೆ ಯೆಜ್ಡಿ ಹೆಸರಿನಲ್ಲಿ ಬೈಕು ಮಾಡಿ 1996ರಲ್ಲಿ ಬಾಗಿಲು ಹಾಕಿತು. 2018ರಲ್ಲಿ ಜಾವಾ ಹೆಸರು ಹೊಸ ಬೈಕಿನ ಮೇಲೆ ವಾಪಸ್ ಬಂದ ಮೇಲೆ ಹಳೆಯವುಗಳ ದರವೂ ತಲೆಗೇರಿತು. ಇದರಲ್ಲಿ ಕಿಕ್ಕರ್ರೂ ಗೇರ್ ಲಿವರ್ರೂ ಒಂದೇ. ಕಿಕ್ ಒತ್ತಿದರೆ ಇಳಿಯಿತು, ಇಂಜಿನ್ ಚೆನ್ನಾಗಿದೆ ಅಂತ ಖುಷಿಪಡಬೇಡಿ. ಎರಡು ಸ್ಟ್ರೋಕಿನ ಇಂಜಿನ್ ಆದ್ದರಿಂದ ಕ್ರ್ಯಾಂಕು (ಪಿಸ್ಟನ್ ತಿರುಗಿಸುವ ದಂಡ) ಕೂರುವ ಜಾಗದಲ್ಲಿ ಎಣ್ಣೆ ನಿಲ್ಲುವುದಿಲ್ಲ, ವರ್ಷಗಟ್ಟಲೆ ನಿಂತರೆ ತೇವ ಅಲ್ಲೇ ಕೂತು ಬೇರಿಂಗ್ ರೋಲರುಗಳನ್ನು ತಿನ್ನುತ್ತದೆ. ಕ್ರ್ಯಾಂಕ್ ಕೆಲಸ ಗ್ಯಾರಂಟಿ ಅಂತಲೇ ಲೆಕ್ಕ ಹಾಕಿ. ಒಳ್ಳೇದೇನು ಅಂದರೆ ಬೈಕಿನ ರಿಪೇರಿ ಜೀಪಿನಷ್ಟು ಜೇಬು ಸುಡುವುದಿಲ್ಲ. ಮೊದಲ ಸಲ ಈ ಕೆಲಸಕ್ಕೆ ಕೈಹಾಕುವವರಿಗೆ ನಾನು ಜಾವಾ ಕೇಳಿ ಅಂತಲೇ ಹೇಳುತ್ತೇನೆ. ಮನೆಯವರಿಗೂ ಬೈಕಿನ ಮೇಲೆ ಜೀಪಿನಷ್ಟು ಭಾವನೆ ಇರುವುದು ಕಡಿಮೆ. ಆದರೆ ಅದೂ ತಂದೆಯ ಹೆಸರಿನಲ್ಲೇ ಇದೆಯಲ್ಲ, ಕಾಗದದ ಓಡಾಟ ಎರಡಕ್ಕೂ ಒಂದೇ.

ಆ ಓಡಾಟ ಹೀಗಿರುತ್ತದೆ. ಮೊದಲು ಆರ್‌ಟಿಒದಿಂದ ಬಿ ಎಕ್ಸ್‌ಟ್ರಾಕ್ಟ್ ತೆಗೆಸಬೇಕು. ಅಂದರೆ ಗಾಡಿಯ ಜಾತಕ: ಯಾರ ಹೆಸರು, ಯಾವ ಇಂಜಿನ್ ನಂಬರು, ಸಾಲ ಇತ್ತಾ, ತೆರಿಗೆ ಎಲ್ಲಿವರೆಗೆ, ನೋಂದಣಿ ರದ್ದಾಗಿದೆಯಾ. ಆ ಕಾಲದ ದಾಖಲೆ ಕಂಪ್ಯೂಟರಿನಲ್ಲಿ ಇಲ್ಲದಿರಬಹುದು, ಹಳೇ ರಿಜಿಸ್ಟರ್ ಹುಡುಕಿಸಬೇಕು. ಈಗ ಹೊಸನಗರ ಸಾಗರದ ಕೆಎ-15ಕ್ಕೆ ಸೇರಿದ್ದರೂ ಆಗಿನ ನೋಂದಣಿ ಶಿವಮೊಗ್ಗದಲ್ಲೇ ಆಗಿರುವ ಸಾಧ್ಯತೆ ಹೆಚ್ಚು, ಅಲ್ಲೂ ವಿಚಾರಿಸಿ. ತೆಗೆಸದೆ ಹಾಗೇ ಉಳಿದ ಸಾಲದ ನಮೂದು ಇದ್ದರೆ ಬ್ಯಾಂಕಿನ ಎನ್‌ಒಸಿ, ಅಂದರೆ ತಕರಾರಿಲ್ಲ ಅನ್ನುವ ಪತ್ರ ಬೇಕು. ಆಮೇಲೆ ತಂದೆಯ ಮರಣ ಪತ್ರ, ನಾಡಕಚೇರಿಯಿಂದ ವಂಶವೃಕ್ಷ, ಉಳಿದ ವಾರಸುದಾರರ ಒಪ್ಪಿಗೆಯ ಅಫಿಡವಿಟ್ಟು, ಇವಿಷ್ಟರ ಜೊತೆ ಫಾರಂ 31 ಹಾಕಿ ಗಾಡಿಯನ್ನು ಮೊದಲು ಯಜಮಾನರ ಹೆಸರಿಗೆ ತರಬೇಕು. ಅಲ್ಲಿಂದ ಫಾರಂ 29, 30ರಲ್ಲಿ ನಿಮ್ಮ ಹೆಸರಿಗೆ. ಬುಕ್ಕು ಕಳೆದಿದ್ದರೆ ನಕಲು ಪ್ರತಿಗೆ ಫಾರಂ 26. ಮರಣ ಆಗಿನ ಕಾಲದಲ್ಲಿ ದಾಖಲೇ ಆಗಿರದಿದ್ದರೆ ಅದೊಂದಕ್ಕೇ ತಿಂಗಳುಗಟ್ಟಲೆ ಹಿಡಿಯುತ್ತದೆ.

ಇದರಲ್ಲಿ ಒಂದು ಪೇಚು ಇದೆ, ಎಲ್ಲರೂ ಸಿಕ್ಕಿಬೀಳುವುದು ಇಲ್ಲೇ. ನವೀಕರಣಕ್ಕೆ ಗಾಡಿ ತೋರಿಸಬೇಕು, ಅದು ಓಡಬೇಕು, ಬ್ರೇಕ್ ಹಿಡಿಯಬೇಕು. ಓಡಬೇಕಾದರೆ ದುಡ್ಡು ಸುರಿಯಬೇಕು. ನಿಮ್ಮ ಹೆಸರಿಗೆ ಬರುವ ಮುಂಚೆಯೇ ಗಾಡಿಯ ಬೆಲೆಯ ಎರಡು ಮೂರು ಪಟ್ಟು ಬೇರೆಯವರ ಗಾಡಿಯ ಮೇಲೆ ಸುರಿದಿರುತ್ತೀರಿ. ಆಗ ಎಲ್ಲೋ ಇರೋ ಯಜಮಾನರ ತಮ್ಮನೊಬ್ಬ ಸಹಿ ತಡೆದರೆ ಕೊಪ್ಪದ ನನ್ನ ಅಂಬಾಸಿಡರ್ ಕಥೆಯೇ. ಹಾಗಾಗಿ ಎಲ್ಲ ವಾರಸುದಾರರ ಸಹಿ ಬೀಳುವವರೆಗೆ ಒಂದು ಸ್ಪ್ಯಾನರ್ ಕೂಡ ಹಾಕಬೇಡಿ. ಕೈಗೊಂದಿಷ್ಟು ಮುಂಗಡ ಕೊಟ್ಟು, ಛಾಪಾ ಕಾಗದದಲ್ಲಿ ಕರಾರು ಬರೆದು, ಕಾಗದದ ಓಡಾಟದ ಖರ್ಚು ನಿಮ್ಮದು ಅಂತ ಒಪ್ಪಿಕೊಂಡು ಕಾಯೋದು ನನಗೆ ತಿಳಿದ ಮಟ್ಟಿಗೆ ಸುರಕ್ಷಿತ ದಾರಿ. ನಷ್ಟವಾದರೆ ಮುಂಗಡ, ಓಡಾಟದ ಖರ್ಚು, ಒಂದಿಷ್ಟು ರಜೆ.

ಕೊಡಲು ಮನಸ್ಸಿಲ್ಲ, ಹಾಳಾಗೋದೂ ಬೇಡ ಅನ್ನುವ ಮನೆಗಳಲ್ಲಿ ನಾನು ಇನ್ನೊಂದು ಮಾಡಿದ್ದೇನೆ. ಗಾಡಿ ಅವರದ್ದೇ, ಖರ್ಚು ಇಬ್ಬರದ್ದೂ, ವರ್ಷಕ್ಕೆ ಇಷ್ಟು ದಿನ ನನಗೆ ಅಂತ ಬರೆದುಕೊಳ್ಳೋದು. ಕೇಳಲು ಚಂದ, ಆದರೆ ಸಿದ್ಧವಾಗಿ ಕೆಂಪಗೆ ಹೊಳೆಯುತ್ತಾ ಅಂಗಳದಲ್ಲಿ ನಿಂತ ಜೀಪನ್ನು ನೋಡಿದ ಮೊಮ್ಮಗನಿಗೆ ದಿಢೀರ್ ಅಂತ ಅಜ್ಜನ ನೆನಪು ಉಕ್ಕುತ್ತದೆ. ಎರಡು ಸಲ ಮಾಡಿದ್ದೇನೆ. ಒಂದು ಕಡೆ ಈಗಲೂ ಊಟಕ್ಕೆ ಕರೆಯುತ್ತಾರೆ, ಇನ್ನೊಂದು ಕಡೆ ನಾನು ಆ ದಾರಿಯಲ್ಲೇ ಹೋಗುವುದಿಲ್ಲ. ಕಾಗದ ಬಿಟ್ಟು ಬರೀ ಅಂಗಳದಲ್ಲಿ ನಿಲ್ಲಿಸಲು ತೆಗೆದುಕೊಳ್ಳೋದೂ ಒಂದು ದಾರಿ. ರಸ್ತೆಗಿಳಿಸದಿದ್ದರೆ ಸರಿ, ಆದರೆ ಇಳಿಸದೆ ಇರುವಷ್ಟು ಸಂಯಮ ಇರುವವರನ್ನು ನಾನಂತೂ ನೋಡಿಲ್ಲ. ಇನ್ಶೂರೆನ್ಸ್ ಇಲ್ಲದ ಗಾಡಿಯಲ್ಲಿ ಒಬ್ಬರಿಗೆ ಗುದ್ದಿದರೆ ಜೀವಮಾನವೆಲ್ಲ ತೆರಬೇಕು.

ನಾಲ್ಕನೇ ಸಲ ಹೋಗೋದಾದರೆ ಅಡಿಕೆ ಕೊಯ್ಲಿನ ಗಡಿಬಿಡಿಯಲ್ಲಿ ಹೋಗಬೇಡಿ. ಕೊಯ್ಲು, ಸುಲಿತ ಮುಗಿದು ಮನೆಗೆ ಉಸಿರಾಡಲು ಪುರುಸೊತ್ತು ಸಿಕ್ಕಾಗ ಹೋಗಿ. ಒಬ್ಬರೇ ಹೋಗಿ, ಇಲ್ಲವೇ ಸಾಧ್ಯವಾದರೆ ನಿಮ್ಮ ತಂದೆಯನ್ನು ಕರೆದುಕೊಂಡು ಹೋಗಿ, ಎರಡು ಮನೆಗೂ ಹಳೇ ಪರಿಚಯ ಏನಾದರೂ ಇದ್ದೇ ಇರುತ್ತದೆ. ದುಡ್ಡಿನ ಮಾತು ಬೇಡ. ಮೊದಲ ಸಲ ಕಡಿಮೆ ಹೇಳಿದ್ದು ತಪ್ಪಾಯಿತು ಅಂತ ಬಾಯಿಬಿಟ್ಟು ಹೇಳಿಬಿಡಿ, ಆ ಒಂದು ಮಾತಿಗೆ ಬೆಲೆ ಇದೆ. ಆಮೇಲೆ ಜೀಪು ಮನೆಗೆ ಬಂದದ್ದು ಹೇಗೆ ಅಂತ ಕೇಳಿ ಸುಮ್ಮನೆ ಕೂತುಕೊಳ್ಳಿ. ಇಂಜಿನ್ ಬದಲಾಯಿಸಿದ್ದು, ತಮ್ಮನ ಜೊತೆ ಮಾತು ಬಿಟ್ಟದ್ದು, ತಂಗಿಯ ಮದುವೆ ದಿಬ್ಬಣ, ಎಲ್ಲವೂ ಅದರಲ್ಲೇ ಬರುತ್ತದೆ. ನಿಮಗೆ ಬೇಕಾದ ‘ಕೊಡಲ್ಲ’ದ ಅರ್ಥವೂ. ಅವರ ಮನೆಯವರು ಒಳಗಿಂದ ಬಂದು ಮಾತಿಗೆ ಕೂತರೆ ಅರ್ಧ ಕೆಲಸ ಆದ ಹಾಗೆ.

ಹೊರಡುವ ಮುಂಚೆ ಒಂದೇ ಒಂದು ಉಪಕಾರ ಕೇಳಿ, ಚಾಸಿ ನಂಬರಿನ ಪ್ರಿಂಟು. ನಂಬರಿನ ಜಾಗವನ್ನು ಸೀಮೆಎಣ್ಣೆ ಬಟ್ಟೆಯಲ್ಲಿ ಮೆಲ್ಲಗೆ ಒರೆಸಿ (ಉಪ್ಪುಕಾಗದ ಮುಟ್ಟಿಸಲೇಬೇಡಿ, ತಿದ್ದಿದ ಹಾಗೆ ಕಾಣುತ್ತದೆ), ತೆಳ್ಳನೆಯ ಕಾಗದ ಇಟ್ಟು ಪೆನ್ಸಿಲ್ ಅಡ್ಡ ಹಿಡಿದು ಉಜ್ಜಿದರೆ ಅಂಕಿಗಳು ಬಿಳಿಯಾಗಿ ಏಳುತ್ತವೆ. ಅದೊಂದು ಚೀಟಿ ಇದ್ದರೆ ಆರ್‌ಟಿಒ ರಿಜಿಸ್ಟರಿನಲ್ಲಿ ಗಾಡಿ ಹುಡುಕುವ ಕೆಲಸ ಸಲೀಸು. ಆ ಚೀಟಿ ತೆಗೆಯಲು ಬಿಟ್ಟರು ಅಂದರೆ ಬಾಗಿಲು ಪೂರ್ತಿ ಮುಚ್ಚಿಲ್ಲ. ಬೇಡ ಅಂದರೆ ಅಲ್ಲಿಗೆ ಬಿಟ್ಟುಬಿಡಿ.

ಎಲ್ಲ ಸರಿಹೋಗಿ ಗಾಡಿ ಹೊರಗೆ ತರುವ ದಿನ ಬಂದರೆ ಜೆಸಿಬಿ ಕರೆಸಿ ಬಂಪರಿಗೆ ಸರಪಳಿ ಕಟ್ಟಿಸಬೇಡಿ. ಇಪ್ಪತ್ತು ವರ್ಷ ಹಿಡಿದ ಬ್ರೇಕ್ ಡ್ರಮ್ಮು ಬಿಡುವ ಮುಂಚೆ ತುಕ್ಕು ಹಿಡಿದ ಚಾಸಿ ಬಿಡುತ್ತದೆ. ಜ್ಯಾಕ್ ಕೊಟ್ಟು ನಾಲ್ಕು ಒಳ್ಳೆಯ ಚಕ್ರ ಹಾಕಿ, ಚಕ್ರಗಳಿಗೆ ಇಂಜಿನ್ ಶಕ್ತಿ ತಲುಪಿಸುವ ಎರಡೂ ಪ್ರೊಪೆಲ್ಲರ್ ಶಾಫ್ಟ್ ಬಿಚ್ಚಿ, ನಾಲ್ಕು ಜನ ಹಲಗೆ ಹಾಸಿಕೊಂಡು ತಳ್ಳಿದರೆ ಸಾಕು. ಸೀಟಿನ ಕೆಳಗೆ ಕೈ ಹಾಕುವ ಮುಂಚೆ ಕೋಲು ಹಾಕಿ, ನಮ್ಮ ಕಡೆ ಕೊಟ್ಟಿಗೆಯಲ್ಲಿ ಕೋಳಿಮೊಟ್ಟೆ ಇದ್ದಲ್ಲಿ ಹಾವೂ ಇರುತ್ತದೆ. ಅವತ್ತೇನಾದರೂ ಕೋಳಿ ಕಾವಿಗೆ ಕೂತಿದ್ದರೆ ಇನ್ನೊಂದು 21 ದಿನ ತಡೆಯಿರಿ. ಇಪ್ಪತ್ತು ವರ್ಷ ನಿಂತ ಜೀಪು, ಎಲ್ಲಿಗೂ ಓಡಿಹೋಗಲ್ಲ. ಆ ಮನೆಯಮ್ಮನ ಹತ್ತಿರ ಮಾತ್ರ ಕೆಟ್ಟವರಾಗಬೇಡಿ, ಅಫಿಡವಿಟ್ಟಿಗೆ ಅತ್ತಿಗೆ ನಾದಿನಿಯರ ಸಹಿ ಹಾಕಿಸಿಕೊಡಬೇಕಾದವರು ಅವರೇ.